ಬೆರಸಿದ ವಿಷಗಳ ಲೆಕ್ಕವೂ ಗ್ರಾಮದ ಕ್ಷೇಮವೂ

ಬೆಳೆಗಳ ಕೀಟರೋಗ ನಿವಾರಣೆಗಾಗಿ ಮಾರಾಟವಾಗುವ ಪ್ರತಿಯೊಂದು ವಿಷದ ಡಬ್ಬಿಯ ಮೇಲೂ ಮೂಲೆಯ ಮೇಲೆ ನಿಲ್ಲಿಸಿದ ಚೌಕದಂತಹ ಒಂದು ಗುರುತಿದ್ದು, ಅದರ ಕೆಳಭಾಗದ ಬಣ್ಣವು ಆ ವಿಷದ ತೀಕ್ಷ್ಣತೆಯನ್ನು ತಿಳಿಸುವುದು. ಕೆಂಪು ಅತ್ಯಂತ ತೀಕ್ಷ್ಣವಾದುದಕ್ಕೆ. ಹಳದಿಯು ಅದಕ್ಕಿಂತ ಕಡಮೆಯಾದುದಕ್ಕೆ. ನೀಲಿಯೂ ಹಸುರೂ ಕ್ರಮವಾಗಿ ಇನ್ನೂ ಸೌಮ್ಯವಾದುವುಗಳಿಗೆ. ೧೯೬೮ರ ಕೀಟನಾಶಕಗಳ ಶಾಸನವನ್ನನುಸರಿಸಿ ೧೯೭೧ರಲ್ಲಿ ಹೊರಟ ನಿಯಮಗಳು ಗೊತ್ತುಮಾಡಿದ ಈ ಏರ್ಪಾಡು, ಓದು ಬಾರದ ಕೂಲಿಯಾಳಿಗೂ ಅಪಾಯವನ್ನು ತಿಳಿಸತಕ್ಕ ಒಳ್ಳೆಯ ಏರ್ಪಾಡೇ ಸರಿ. ಆದರೆ ಹಳದಿ ಗುರುತಿನ ಡಬ್ಬಿಯಿಂದ ಒಂದು ಮುಚ್ಚಳ, ನೀಲಿ ಗುರುತಿನದರಿಂದ ಒಂದು ಮುಚ್ಚಳ, ಹಸುರು ಗುರುತಿನ ಪೊಟ್ಟಣದಿಂದ ಒಂದು ಹಿಡಿ, ಇವು ಮೂರೂ ಹೊಲದ ಬದುವಿನ ಮೇಲೆ ಒಂದೇ ಪೀಪಾಯಿಯಲ್ಲಿ ಸೇರಿದ ಬಳಿಕ ಆ ಪೀಪಾಯಿಗೆ ಯಾವ ಬಣ್ಣ? ಅದರ ಮೇಲೆ ಗುರುತೂ ಇಲ್ಲ, ಚೀಟಿಯೂ ಇಲ್ಲ. ಮೂರು ವಿಷಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ ಬರೆದ ಮೂರು ಸೂಚನೆಗಳು ಮಾತ್ರ ಬದುವಿನ ಮೇಲೆ ಬಿದ್ದಿರುವುವು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಭೂಮಾಲೀಕರಿಗೆ ಈ ಪ್ರಶ್ನೆಯು ದೂರದ ಮಾತಲ್ಲ. ಹೊಗೆಸೊಪ್ಪು, ಶುಂಠಿ, ಹತ್ತಿ, ಮುಸುಕಿನ ಜೋಳ, ಬತ್ತ, ತರಕಾರಿ ಇವುಗಳಲ್ಲಿ ಯಾವುದೊಂದನ್ನು ಬೆಳೆಯುವವರಾದರೂ ಹುಳುವಿನ ಔಷಧ, ಕೊಳೆರೋಗದ ಔಷಧ, ಎಲೆಗೊಬ್ಬರ ಇವುಗಳನ್ನು ಒಟ್ಟಿಗೆ ಬೆರಸಿ ಒಂದೇ ಸಲ ಹೊಡೆಯುವುದು ವಾಡಿಕೆಯಾಗಿದೆ. ಇದಕ್ಕೆ ಕಾರಣವು ಸೋಮಾರಿತನವೂ ಅಲ್ಲ, ಅಜ್ಞಾನವೂ ಅಲ್ಲ. ಆಳು ಸಿಕ್ಕುವುದು ಕಷ್ಟ. ಸಿಕ್ಕಿದ ಆಳಿನ ಕೂಲಿ ಹೆಚ್ಚು. ಮಳೆಯು ಎರಡು ದಿನ ಬಿಡುವು ಕೊಟ್ಟರೆ ಆ ಎರಡು ದಿನದಲ್ಲಿಯೇ ಎಲ್ಲವೂ ಮುಗಿಯಬೇಕು. ಮೂರು ಸಲ ತಿರುಗುವ ಬದಲು ಒಂದು ಸಲ ತಿರುಗಿದರೆ ಉಳಿತಾಯವೆಂಬುದು ಯಾವ ಒಕ್ಕಲಿಗನಿಗೂ ತಿಳಿದ ಲೆಕ್ಕ. ಆದರೆ ಈ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ. ಬೆರಸಿದ ವಿಷವು ಹೊಡೆಯುವವನ ಮೈಗೂ, ಕೆರೆಯ ನೀರಿಗೂ, ಜೇನುಹುಳುವಿಗೂ ಎಷ್ಟು ಭಾರವಾಗುವುದೆಂಬುದೇ ಆ ಬಾಬು. ಅದನ್ನು ಎಣಿಸುವ ಕ್ರಮಗಳು ಶಾಸ್ತ್ರಜ್ಞರಲ್ಲಿ ಬಹುಕಾಲದಿಂದ ಇವೆ. ಅವುಗಳ ಸಾರವನ್ನು ಗ್ರಾಮದ ಯಜಮಾನರು ತಿಳಿದುಕೊಳ್ಳುವುದು ಅವಶ್ಯ. ಅದು ಅಸಾಧ್ಯವಾದ ವಿದ್ಯೆಯೇನೂ ಅಲ್ಲ.

ಮೊದಲನೆಯ ಕ್ರಮವನ್ನು ಪ್ರಮಾಣ ಸಂಕಲನವೆನ್ನಬಹುದು. ಜರ್ಮನಿಯ ಲೋವೆ ಎಂಬ ವಿದ್ವಾಂಸನು ೧೯೨೬ರಲ್ಲಿ ತನ್ನ ಸಹೋದ್ಯೋಗಿಯೊಡನೆ ಇದನ್ನು ಪ್ರತಿಪಾದಿಸಿದನು. ಒಂದು ಕೆರೆಗೆ ಮೂರು ಹಳ್ಳಗಳು ಬಂದು ಸೇರುವುವೆಂದು ಭಾವಿಸೋಣ. ಪ್ರತಿಯೊಂದು ಹಳ್ಳವನ್ನೂ ಬೇರೆಯಾಗಿ ನೋಡಿದರೆ ಏರಿಗೆ ಅಪಾಯವಿಲ್ಲ. ಆದರೆ ಮೂರೂ ಒಂದೇ ರಾತ್ರಿ ತುಂಬಿ ಹರಿದರೆ ಕೋಡಿಯು ಸಾಲದೆ ಏರಿಯೊಡೆಯುವುದು. ದೇಹದಲ್ಲಿ ಒಂದೇ ರೀತಿಯಿಂದ ಕೆಲಸಮಾಡುವ ವಿಷಗಳೂ ಹೀಗೆಯೇ. ಲೆಕ್ಕವು ಹೀಗಿರುವುದು: ಪ್ರತಿಯೊಂದು ವಿಷದ ಪ್ರಮಾಣವನ್ನು ಅದಕ್ಕೆ ಗೊತ್ತುಪಡಿಸಿರುವ ಸುರಕ್ಷಿತ ಮಿತಿಯಿಂದ ಭಾಗಿಸಿ, ಬಂದ ಭಾಗಲಬ್ಧಗಳನ್ನೆಲ್ಲ ಕೂಡತಕ್ಕದ್ದು. ಮೊತ್ತವು ಒಂದನ್ನು ಮೀರಿದರೆ ಎಚ್ಚರಿಕೆ ಅವಶ್ಯ. ಉದಾಹರಣೆಗೆ, ಮೊದಲನೆಯ ವಿಷವು ತನ್ನ ಮಿತಿಯ ಶೇಕಡ ೪೦ರಷ್ಟು, ಎರಡನೆಯದು ಶೇಕಡ ೩೫ರಷ್ಟು, ಮೂರನೆಯದು ಶೇಕಡ ೫೦ರಷ್ಟು ಮೈಗೆ ತಗಲಿತೆನ್ನೋಣ. ಬೇರೆಬೇರೆ ನೋಡಿದರೆ ಮೂರೂ ಮಿತಿಯೊಳಗೇ ಇವೆ. ಕೂಡಿದರೆ ಶೇಕಡ ೧೨೫. ಮೂರು ಚೀಟಿಗಳೂ ನಿಜವನ್ನೇ ಹೇಳಿದುವು. ಆದರೂ ಆಳಿನ ಮೈಗೆ ಮಿತಿಮೀರಿದ ವಿಷವು ಸೇರಿತು. ಈ ಮೊತ್ತಕ್ಕೆ ಅಪಾಯ ಸೂಚ್ಯಂಕವೆಂದು ಹೆಸರು. ನೀರಿನ ಮೀನು ಮತ್ತು ಸಣ್ಣ ಜಲಜಂತುಗಳ ವಿಷಯದಲ್ಲಿಯೂ ಇದೇ ರೀತಿಯ ಲೆಕ್ಕವನ್ನು ಹಾಕುವರು.

ಎರಡನೆಯ ಕ್ರಮವು ಸ್ವತಂತ್ರ ಪರಿಣಾಮದ್ದು. ಅಮೆರಿಕದ ಬ್ಲಿಸ್ ಎಂಬ ಜೀವಶಾಸ್ತ್ರಜ್ಞನು ೧೯೩೯ರಲ್ಲಿ ಇದನ್ನು ವಿವರಿಸಿದನು. ಒಂದು ವಿಷವು ನರಗಳನ್ನೂ ಇನ್ನೊಂದು ಯಕೃತ್ತನ್ನೂ ಕೆಡಿಸುವುದಾದರೆ ಅವೆರಡನ್ನೂ ನೇರವಾಗಿ ಕೂಡುವುದು ಸರಿಯಲ್ಲವೆಂದೂ, ಸಂಭವದ ಗಣಿತವನ್ನು ಉಪಯೋಗಿಸಬೇಕೆಂದೂ ಈ ಮತ. ನೂರು ಹುಳುಗಳಲ್ಲಿ ಒಂದು ವಿಷವು ಹತ್ತನ್ನು ಕೊಂದು ತೊಂಬತ್ತನ್ನು ಉಳಿಸುವುದು; ಉಳಿದ ತೊಂಬತ್ತರಲ್ಲಿ ಎರಡನೆಯ ವಿಷವು ಐದರಲ್ಲೊಂದು ಪಾಲನ್ನು, ಎಂದರೆ ಹದಿನೆಂಟನ್ನು ಕೊಲ್ಲುವುದು. ಒಟ್ಟು ಸತ್ತುವು ೨೮. ನೇರವಾಗಿ ಕೂಡಿದಂತೆ ೩೦ ಅಲ್ಲ. ಈ ಕ್ರಮದ ಪ್ರಕಾರ ಯಾವ ಪರಿಣಾಮವನ್ನೂ ಮಾಡದಷ್ಟು ಸ್ವಲ್ಪವಾದ ವಿಷವು ಮೊತ್ತಕ್ಕೆ ಏನನ್ನೂ ಸೇರಿಸದು. ಆದುದರಿಂದ ವ್ಯಾಪಾರಸ್ಥರಿಗೆ ಈ ಕ್ರಮವು ಸಮಾಧಾನಕರವಾಗಿ ತೋರುವುದು ಸಹಜ. ಆದರೆ ಆ ಸಮಾಧಾನಕ್ಕೆ ಮಿತಿಯಿದೆ. ೨೦೦೨ರಲ್ಲಿ ಲಂಡನ್ನಿನ ಸಂಶೋಧಕರು, ಸ್ತ್ರೀಹಾರ್ಮೋನಿನಂತೆ ವರ್ತಿಸುವ ಎಂಟು ದುರ್ಬಲ ರಾಸಾಯನಿಕಗಳನ್ನು, ಒಂದೊಂದೂ ತಾನಾಗಿ ಯಾವ ಪರಿಣಾಮವನ್ನೂ ತೋರದಷ್ಟು ಅಲ್ಪಪ್ರಮಾಣದಲ್ಲಿ ಬೆರಸಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರು. ಎಂಟು ಸೊನ್ನೆಗಳ ಮೊತ್ತವು ಸೊನ್ನೆಯಾಗಲಿಲ್ಲ. ಸ್ಪಷ್ಟವಾದ ಪರಿಣಾಮವು ಕಂಡುಬಂದಿತು.

ಮೂರನೆಯದು ಇವೆರಡನ್ನೂ ಮೀರಿದ ಸಂಗತಿ. ಒಂದು ವಿಷವು ಇನ್ನೊಂದರ ಬಲವನ್ನು ಹಲವು ಮಡಿ ಹೆಚ್ಚಿಸುವುದುಂಟು. ಮ್ಯಾಲಥಿಯಾನ್ ಎಂಬುದು ಮನುಷ್ಯರಿಗೆ ಹೆಚ್ಚು ಅಪಾಯಕರವಲ್ಲವೆಂದು ಹೆಸರುಪಡೆದ ಔಷಧ. ದೇಹದಲ್ಲಿ ಅದನ್ನು ಬೇಗನೆ ಒಡೆದುಹಾಕುವ ಒಂದು ಕಿಣ್ವವಿರುವುದೇ ಅದಕ್ಕೆ ಕಾರಣ. ಅದೇ ವರ್ಗದ ಇನ್ನೊಂದು ಔಷಧವನ್ನು ಅದರೊಡನೆ ಕೊಟ್ಟರೆ ಆ ಕಿಣ್ವವು ಕಟ್ಟಿಬಿದ್ದು, ಮ್ಯಾಲಥಿಯಾನಿನ ವಿಷತ್ವವು ಎಣಿಕೆಗೆ ಮೀರಿ ಹೆಚ್ಚುವುದೆಂದು ೧೯೫೭ರಲ್ಲಿಯೇ ಅಮೆರಿಕದಲ್ಲಿ ಪ್ರಾಣಿಗಳ ಮೇಲಣ ಪ್ರಯೋಗದಿಂದ ಗೊತ್ತಾಯಿತು. ೧೯೭೬ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ನಿವಾರಣೆಗಾಗಿ ಮ್ಯಾಲಥಿಯಾನ್ ಹೊಡೆಯುತ್ತಿದ್ದ ಸುಮಾರು ೭,೫೦೦ ಮಂದಿ ಕೆಲಸಗಾರರಲ್ಲಿ ಸುಮಾರು ೨,೮೦೦ ಮಂದಿಗೆ ವಿಷವೇರಿ ಐವರು ಸತ್ತರು. ಔಷಧವು ಡಬ್ಬಿಯಲ್ಲಿ ಕೆಟ್ಟು ಐಸೊಮ್ಯಾಲಥಿಯಾನ್ ಎಂಬ ಕಲ್ಮಷವು ಅದರಲ್ಲಿ ಸೇರಿ, ಅದೇ ಕಿಣ್ವವನ್ನು ಕಟ್ಟಿಹಾಕಿದ್ದಿತು. ಒಂದೇ ಹೆಸರಿನ ಡಬ್ಬಿಯೂ ಬೆರಕೆಯಾಗಬಹುದೆಂಬುದಕ್ಕೆ ಇದು ನಿದರ್ಶನ. ಅವಧಿ ಮೀರಿದ ದಾಸ್ತಾನನ್ನು ಅಗ್ಗವೆಂದು ಕೊಳ್ಳುವವರು ಇದನ್ನು ಮರೆಯಬಾರದು. ಕೆಲವು ಜಾತಿಯ ಶಿಲೀಂಧ್ರನಾಶಕಗಳು ಪೈರೆಥ್ರಾಯ್ಡ್ ವರ್ಗದ ಹುಳುವಿನ ಔಷಧದೊಡನೆ ಸೇರಿದಾಗ ಜೇನುಹುಳುಗಳಿಗೆ ಅದು ಬಹುಪಾಲು ಹೆಚ್ಚು ಮಾರಕವಾಗುವುದೆಂಬುದೂ ದೃಢಪಟ್ಟಿದೆ.

ಹೀಗೆ ಮೂರು ದಾರಿಗಳಿರುವಾಗ ಯಾವುದನ್ನು ಹಿಡಿಯತಕ್ಕದ್ದು? ಪಂಡಿತರು ತೀರ್ಮಾನಿಸುವವರೆಗೂ ಸುಮ್ಮನಿರಬೇಕೆಂದು ಕೆಲವರು ವಾದಿಸುವರು. ಈ ವಾದವು ನಿಲ್ಲತಕ್ಕದ್ದಲ್ಲ. ಜಲಜೀವಿಗಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೦೦ದಲ್ಲಿ ಮಾಡಿದ ವಿಮರ್ಶೆಯಲ್ಲಿ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬೆರಕೆಗಳ ಬಲವನ್ನು ಸಂಕಲನದ ಲೆಕ್ಕವು ಎರಡರಷ್ಟರ ಅಂತರದೊಳಗೆ ಸರಿಯಾಗಿ ಹೇಳಿದುದು ಕಂಡುಬಂದಿತು. ೨೦೧೪ರ ಇನ್ನೊಂದು ವಿಮರ್ಶೆಯಲ್ಲಿ, ಪರೀಕ್ಷಿಸಲ್ಪಟ್ಟ ೧೯೪ ಜೊತೆ ಕೀಟನಾಶಕಗಳಲ್ಲಿ ಶೇಕಡ ೭ರಲ್ಲಿ ಮಾತ್ರ ಬಲವರ್ಧನೆಯು ತೋರಿಬಂದಿತು. ಎಂದರೆ ಕೂಡುವುದೇ ಸಾಮಾನ್ಯ ನಿಯಮ. ಹಲವು ಮಡಿಯಾಗುವುದು ಅಪವಾದ. ಏನೂ ಆಗುವುದಿಲ್ಲವೆಂದು ಭಾವಿಸುವುದು ಮಾತ್ರ ಆಧಾರವಿಲ್ಲದ ಧೈರ್ಯ. ಕೂಡುವ ಲೆಕ್ಕವು ಪೂರ್ಣವಾದುದಲ್ಲ. ಆದರೆ ಅದು ಗ್ರಾಮದಲ್ಲಿ ಮಾಡಬಹುದಾದ ಲೆಕ್ಕ, ಮತ್ತು ತಪ್ಪಿದರೂ ಬಹುಮಟ್ಟಿಗೆ ಎಚ್ಚರದ ಕಡೆಗೇ ತಪ್ಪುವ ಲೆಕ್ಕ.

ರಾಜ್ಯಾಡಳಿತಗಳೂ ಇದೇ ಮಾರ್ಗವನ್ನು ಹಿಡಿದಿವೆ. ಅಮೆರಿಕದಲ್ಲಿ ೧೯೯೬ರ ಶಾಸನವು ಒಂದೇ ರೀತಿಯಿಂದ ಕೆಲಸಮಾಡುವ ಕೀಟನಾಶಕಗಳನ್ನು ಒಟ್ಟಾಗಿ ಎಣಿಸಬೇಕೆಂದು ವಿಧಿಸಿತು. ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆಯು ೨೦೨೦ರಲ್ಲಿ ನರಮಂಡಲ ಮತ್ತು ಥೈರಾಯ್ಡ್ ಗ್ರಂಥಿ ಈ ಎರಡರ ವಿಷಯದಲ್ಲಿ ಇಂತಹ ಒಟ್ಟು ಲೆಕ್ಕವನ್ನು ಪ್ರಕಟಿಸಿ, ಆಹಾರವನ್ನು ತಿನ್ನುವವರಿಗೆ ತಗಲುವ ಪ್ರಮಾಣವು ಮಿತಿಯೊಳಗಿರುವುದು ಸಂಭವನೀಯವೆಂದು ಹೇಳಿತು. ಇದು ಸಂತೋಷದ ಸಂಗತಿಯೇ. ಆದರೆ ಅದು ತಿನ್ನುವವನ ಲೆಕ್ಕ, ಪೀಪಾಯಿಯಲ್ಲಿ ಕೋಲಾಡಿಸುವವನ ಲೆಕ್ಕವಲ್ಲ. ಭಾರತದಲ್ಲಿಯೂ ೨೦೦೩ರಲ್ಲಿ ಸೀಸೆಯಲ್ಲಿ ತುಂಬಿ ಮಾರುವ ಕುಡಿಯುವ ನೀರಿಗೆ ಒಂದು ಲೀಟರಿಗೆ ಯಾವ ಒಂದು ಕೀಟನಾಶಕವೂ ೦.೦೦೦೧ ಮಿಲಿಗ್ರಾಮನ್ನು ಮೀರಬಾರದೆಂದೂ, ಎಲ್ಲವೂ ಸೇರಿ ೦.೦೦೦೫ ಮಿಲಿಗ್ರಾಮನ್ನು ಮೀರಬಾರದೆಂದೂ ಗೊತ್ತುಪಡಿಸಲಾಯಿತು. ಸೀಸೆಯ ನೀರಿಗೆ ಮೊತ್ತದ ಲೆಕ್ಕವು ಯೋಗ್ಯವಾದರೆ ಹಳ್ಳಿಯ ಬಾವಿಯ ನೀರಿಗೆ ಅದು ಯೋಗ್ಯವಲ್ಲವೆ?

ಈಗ ಈ ನಾಲ್ಕು ತಾಲ್ಲೂಕುಗಳ ಸ್ಥಿತಿಗೆ ಈ ಲೆಕ್ಕವನ್ನು ಅನ್ವಯಿಸಿ ನೋಡುವುದು ಉಚಿತ. ಹೊಗೆಸೊಪ್ಪಿನ ಸೀಮೆಯಲ್ಲಿ ಬೇರೆ ಕಡೆ ಇಲ್ಲದ ಒಂದು ವಿಶೇಷವಿದೆ: ಇಲ್ಲಿ ಬೆಳೆಯೇ ಒಂದು ವಿಷವನ್ನು ಹೊತ್ತು ನಿಂತಿರುವುದು. ಇಬ್ಬನಿಯಿಂದಲೋ ಮಳೆಯಿಂದಲೋ ನೆನೆದ ಎಲೆಯನ್ನು ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ದೇಹಕ್ಕಿಳಿದು ತಲೆಸುತ್ತು, ಓಕರಿಕೆ, ವಾಂತಿ, ನಿಶ್ಶಕ್ತಿಗಳನ್ನುಂಟುಮಾಡುವುದು. ಇದನ್ನು ವೈದ್ಯರು ಹಸಿ ತಂಬಾಕಿನ ಕಾಯಿಲೆಯೆಂದು ಕರೆಯುವರು. ಇಲ್ಲಿ ಎಲೆ ಮುರಿಯುವ ಕಾಲವು ಮಳೆಗಾಲವೇ ಆಗಿರುವುದು. ನಿಕೋಟಿನ್ ನರಗಳ ಸಂದೇಶವನ್ನು ಸ್ವೀಕರಿಸುವ ಸ್ಥಾನದಲ್ಲಿ ಕುಳಿತು ಕೆಲಸಮಾಡುವುದು. ಹೇನುಗಳಿಗೆಂದು ಹೊಡೆಯುವ ಇಮಿಡಾಕ್ಲೋಪ್ರಿಡ್ ಅದೇ ಸ್ಥಾನದಲ್ಲಿ ಕೂರುವುದು. ಅದರ ಹಿಡಿತವು ಮನುಷ್ಯನಲ್ಲಿ ಹುಳುವಿನಲ್ಲಿರುವುದಕ್ಕಿಂತ ಬಹಳ ಕಡಮೆಯೆಂಬುದು ನಿಜ. ಕ್ಲೋರ್‌ಪೈರಿಫಾಸ್ ಮೊದಲಾದ ರಂಜಕ ವರ್ಗದ ಔಷಧಗಳಾದರೋ ಆ ಸಂದೇಶವು ತಾನಾಗಿ ಅಳಿದುಹೋಗದಂತೆ ತಡೆಯುವುವು. ಮೂರು ಹಳ್ಳಗಳೂ ಒಂದೇ ಕೆರೆಗೆ ಹರಿಯುತ್ತಿವೆ. ಆದರೂ ಡಬ್ಬಿಯ ಮೇಲಿನ ಯಾವ ಚೀಟಿಯೂ ಎಲೆಯಿಂದ ಬರುವ ನಿಕೋಟಿನನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿಲ್ಲ. ಔಷಧ ಹೊಡೆದ ಬೆನ್ನಲ್ಲೇ ನೆನೆದ ತೋಟಕ್ಕೆ ಆಳುಗಳನ್ನು ಇಳಿಸುವ ಯಜಮಾನನು ತಿಳಿಯದೆಯೇ ಮೂರನ್ನೂ ಕೂಡಿಸುತ್ತಿರುವನು. ಎಲೆ ಪೋಣಿಸುವ ಹೆಂಗಸರಲ್ಲಿ ಬಸುರಿಯರೂ ಬಾಣಂತಿಯರೂ ಇರಬಹುದೆಂಬುದು ಅವನ ನೆನಪಿನಲ್ಲಿರಬೇಕು.

ಶುಂಠಿಯ ವಿಷಯವು ಭೂಮಾಲೀಕರನ್ನು ಇನ್ನೂ ನೇರವಾಗಿ ಮುಟ್ಟುವುದು. ಗೆಡ್ಡೆ ಕೊಳೆಯುವ ರೋಗದ ಭಯದಿಂದ ಬಿತ್ತನೆಯ ಗೆಡ್ಡೆಗಳನ್ನು ಔಷಧದಲ್ಲಿ ಅದ್ದುವುದೂ, ಮ್ಯಾಂಕೋಜೆಬ್, ಮೆಟಲಾಕ್ಸಿಲ್, ತಾಮ್ರದ ಔಷಧಗಳನ್ನು ಬುಡಕ್ಕೆ ಹೊಯ್ಯುವುದೂ, ಮೇಲಿಂದ ಹುಳುವಿನ ಔಷಧ ಹೊಡೆಯುವುದೂ ಒಂದೇ ಹಂಗಾಮಿನಲ್ಲಿ ನಡೆಯುವುವು. ಎಷ್ಟೋ ಜಮೀನುಗಳಲ್ಲಿ ಈ ಬೆಳೆಯನ್ನು ಬೆಳೆಯುವವರು ಒಂದೆರಡು ವರ್ಷದ ಗುತ್ತಿಗೆದಾರರು. ಗುತ್ತಿಗೆಯ ಹಣವು ಕೈಗೆ ಬಂದಿತೆಂದು ಮಾಲೀಕನು ತೃಪ್ತನಾಗುವನು. ಗುತ್ತಿಗೆ ಮುಗಿದು ರಾಗಿಯನ್ನು ಬಿತ್ತುವಾಗ ತನ್ನ ಮಣ್ಣಿನಲ್ಲಿ ಏನೇನು ಬೆರೆತಿದೆಯೆಂಬುದನ್ನು ಅವನು ಅರಿಯನು. ತಾಮ್ರವು ಮಣ್ಣಿನಲ್ಲಿ ಕರಗಿ ಮಾಯವಾಗುವ ವಸ್ತುವಲ್ಲ. ವರ್ಷವರ್ಷವೂ ಕೂಡುತ್ತ ಹೋಗುವ ಬಾಕಿಯದು. ಕೋಟೆ ಸೀಮೆಯ ಹತ್ತಿಯಲ್ಲಿ ಹೊಡೆದುದೂ, ಕೃಷ್ಣರಾಜನಗರದ ಗದ್ದೆಗಳಲ್ಲಿ ಹಾಕಿದುದೂ ಒಂದು ಪಾಲು ನೀರನ್ನೇ ಸೇರಬೇಕು. ಹುಣಸೂರಿನ ಲಕ್ಷ್ಮಣತೀರ್ಥವು ಮುಂದೆ ಕಾವೇರಿಯನ್ನು ಕೂಡುವುದು. ಕಬಿನಿಯೂ ಕೆಳಗೆ ಅದೇ ಕಾವೇರಿಯನ್ನು ಸೇರುವುದು. ಪ್ರತಿಯೊಬ್ಬ ರೈತನೂ ತನ್ನ ಹೊಲದಲ್ಲಿ ಮಿತಿಯನ್ನು ಮೀರದಿದ್ದರೂ ಹೊಳೆಯು ಎಲ್ಲರ ಮೊತ್ತವನ್ನೂ ಹೊರಬೇಕಾಗಿರುವುದು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ಅಲ್ಲಗಳೆಯಲಾಗದು. ಅಂಗಡಿಯಲ್ಲಿಯೇ ಎರಡು ಔಷಧಗಳು ಸೇರಿದ ಡಬ್ಬಿಗಳು ಮಾರಾಟವಾಗುತ್ತಿರುವಾಗ ಹೊಲದಲ್ಲಿ ಬೆರಸಿದರೆ ತಪ್ಪೇನೆಂದು ಕೇಳುವರು. ಉತ್ತರವು ಸುಲಭ: ಅಂತಹ ಡಬ್ಬಿಯು ಆ ಪ್ರಮಾಣದಲ್ಲಿಯೇ ಪರೀಕ್ಷೆಗೊಳಗಾಗಿ ಪ್ರತ್ಯೇಕವಾಗಿ ನೋಂದಣಿಯನ್ನು ಪಡೆದುದು, ಮತ್ತು ಅದಕ್ಕೆ ತನ್ನದೇ ಆದ ಬಣ್ಣದ ಗುರುತಿದೆ, ಬದುವಿನ ಮೇಲೆ ಬೆರಸಿದುದಕ್ಕೆ ಅದಾವುದೂ ಇಲ್ಲ. ಪೈಕಿ ಕೆಲವು ಔಷಧಗಳು ಸುಣ್ಣ ಸೇರಿದ ಬೋರ್ಡೋ ದ್ರಾವಣದಂತಹುದರೊಡನೆ ಬೆರೆತರೆ ಒಡೆದು ನಿಷ್ಫಲವಾಗುವುವು. ಆಗ ಖರ್ಚೂ ವ್ಯರ್ಥ. ಬೆರಸದಿದ್ದರೆ ಕೂಲಿ ಹೆಚ್ಚಾಗುವುದೆಂಬುದು ಎರಡನೆಯ ಆಕ್ಷೇಪಣೆ, ಇದು ಸತ್ಯ. ಆದರೆ ಬೆರಕೆಯ ಪೀಪಾಯಿಗೆ ಸೇರುವ ಔಷಧಗಳಲ್ಲಿ ಎಲ್ಲವೂ ಆ ದಿನಕ್ಕೆ ಅವಶ್ಯವೆ ಎಂದು ಮೊದಲು ವಿಚಾರಿಸಿದರೆ, ರೋಗವೇ ಕಾಣದ ತೋಟಕ್ಕೆ ರೋಗದ ಔಷಧವೂ, ಹುಳುವಿಲ್ಲದ ಗಿಡಕ್ಕೆ ಹುಳುವಿನ ಔಷಧವೂ ಬೀಳುತ್ತಿರುವುದು ತಿಳಿದುಬರುವುದು. ಒಂದು ಔಷಧವನ್ನು ಬಿಟ್ಟ ಉಳಿತಾಯದಲ್ಲಿ ಇನ್ನೊಂದು ಸಲದ ಕೂಲಿಯ ಒಂದು ಪಾಲಾದರೂ ಹುಟ್ಟುವುದು.

ಲೆಕ್ಕವನ್ನು ಬರೆದಿಡದ ಕಡೆ ಏನಾಗುವುದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಕಾಸರಗೋಡಿನ ಹಳ್ಳಿಗಳ ಸುತ್ತಲಿನ ಗೇರುತೋಟಗಳ ಮೇಲೆ ೨೦೦೦ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲ್ಪಟ್ಟಿತು. ಅದು ಒಂದೇ ವಿಷ, ಸುರಿದವರೂ ಒಬ್ಬರೇ, ಆದರೂ ಅಲ್ಲಿಯ ಕಾಯಿಲೆಗಳಿಗೆ ಅದೇ ಕಾರಣವೆ ಎಂಬ ವಾದವು ವರ್ಷಗಟ್ಟಲೆ ನಡೆದು, ದೇಶದ ಪರಮೋಚ್ಚ ನ್ಯಾಯಾಲಯದ ನಿಷೇಧದ ಆಜ್ಞೆಯು ೨೦೧೧ರ ಮೇ ತಿಂಗಳಲ್ಲಿ ಹೊರಟಿತು. ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ೨೦೧೭ರಲ್ಲಿ ಹತ್ತಿಗೆ ಔಷಧ ಹೊಡೆದ ರೈತರೂ ಕೂಲಿಗಾರರೂ ನೂರಾರು ಮಂದಿ ಆಸ್ಪತ್ರೆಯನ್ನು ಸೇರಿ, ೨೦ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅಲ್ಲಿ ಹಲವು ಔಷಧಗಳನ್ನು ಬೆರಸಿ ಹೊಡೆಯುವ ವಾಡಿಕೆಯು ವಿಚಾರಣೆಗೆ ಬಂದಿತು. ರಂಜಕ ವರ್ಗದ ವಿಷಕ್ಕೆ ಅಟ್ರೋಪಿನ್ ಮೊದಲಾದ ಮದ್ದುಗಳುಂಟು. ಪೈರೆಥ್ರಾಯ್ಡಿಗೆ ಅಂತಹ ನೇರವಾದ ಪ್ರತಿವಿಷವಿಲ್ಲ. ಪೀಪಾಯಿಯಲ್ಲಿ ಏನಿದ್ದಿತೆಂದು ಹೇಳಬಲ್ಲವರಿಲ್ಲದಿದ್ದರೆ ವೈದ್ಯನು ಕತ್ತಲಲ್ಲಿ ತಡಕಾಡಬೇಕಾಗುವುದು. ಯಾವ ಗಣಿತಕ್ರಮವೂ ಬರೆದಿಡದ ಅಂಕಿಯನ್ನು ಕೂಡಲಾರದು.

ಆದುದರಿಂದ ಗ್ರಾಮದ ಯಜಮಾನರೂ, ಪಂಚಾಯಿತಿಯ ಅಧ್ಯಕ್ಷರೂ, ಭೂಮಾಲೀಕರೂ ಈ ಕೆಳಗಿನ ಕ್ರಮಗಳನ್ನು ಆಚರಣೆಗೆ ತರತಕ್ಕದ್ದು.

ಒಂದನೆಯದಾಗಿ, ಡಬ್ಬಿಯ ಚೀಟಿಯಲ್ಲಾಗಲಿ ಇಲಾಖೆಯ ಶಿಫಾರಸಿನಲ್ಲಾಗಲಿ ಹೇಳದ ಬೆರಕೆಯನ್ನು ಮಾಡಬಾರದು. ಒಂದೇ ವರ್ಗಕ್ಕೆ ಸೇರಿದ ಎರಡು ಔಷಧಗಳನ್ನು ಒಂದೇ ಪೀಪಾಯಿಯಲ್ಲಿ ಎಂದಿಗೂ ಹಾಕಬಾರದು. ಎರಡು ಪೂರ್ಣ ಪ್ರಮಾಣವೆಂದರೆ ಅದು ಇಮ್ಮಡಿ ಪ್ರಮಾಣವೇ. ವರ್ಗವು ತಿಳಿಯದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

ಎರಡನೆಯದಾಗಿ, ಪ್ರತಿಯೊಂದು ಹಿಡುವಳಿಗೂ ಒಂದು ಸಿಂಪಡಣೆಯ ಪುಸ್ತಕವಿರಬೇಕು. ದಿನಾಂಕ, ಬೆಳೆ, ಔಷಧಗಳ ಹೆಸರು, ಪ್ರಮಾಣ, ಹೊಡೆದವರ ಹೆಸರು, ಇಷ್ಟು ಸಾಕು. ಖಾಲಿ ಡಬ್ಬಿಯ ಚೀಟಿಯನ್ನು ಆ ಹಂಗಾಮು ಮುಗಿಯುವವರೆಗೂ ಇಟ್ಟುಕೊಂಡಿರತಕ್ಕದ್ದು. ತಂಬಾಕು ಮಂಡಳಿಯಲ್ಲಿ ಹೆಸರು ನೋಂದಾಯಿಸಿ, ಬ್ಯಾರನ್ನಿಗೆ ಪರವಾನಗಿ ಪಡೆದು, ಲೆಕ್ಕವಿಟ್ಟು ಬಾಳುವ ಬೆಳೆಗಾರರಿಗೆ ಇದು ಹೊಸ ಅಭ್ಯಾಸವೇನೂ ಆಗಲಾರದು.

ಮೂರನೆಯದಾಗಿ, ಜಮೀನನ್ನು ಗುತ್ತಿಗೆಗೆ ಕೊಡುವಾಗ ಉಪಯೋಗಿಸಿದ ಎಲ್ಲ ಔಷಧಗಳ ಪಟ್ಟಿಯನ್ನೂ ಮಾಲೀಕನಿಗೆ ಒಪ್ಪಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸತಕ್ಕದ್ದು. ೨೦೨೦ರ ಕೊನೆಯಿಂದ ನಿಷಿದ್ಧವಾಗಿರುವ ಫೋರೇಟ್ ಮೊದಲಾದುವನ್ನು ಹಳೆಯ ದಾಸ್ತಾನಿನಿಂದ ತಂದು ಹಾಕಿದರೆ ಕರಾರು ರದ್ದಾಗಬೇಕು.

ನಾಲ್ಕನೆಯದಾಗಿ, ಎಲೆಯು ನೆನೆದಿರುವಾಗ ಬರಿಗೈಯಲ್ಲಿ ಸೊಪ್ಪು ಮುರಿಸಬಾರದು. ಔಷಧ ಹೊಡೆದ ತೋಟಕ್ಕೆ ಚೀಟಿಯಲ್ಲಿ ಹೇಳಿದ ಅವಧಿಯು ಕಳೆಯುವ ಮೊದಲು ಆಳುಗಳನ್ನು ಇಳಿಸಬಾರದು. ಕೈಚೀಲ, ಮೈಮುಚ್ಚುವ ಬಟ್ಟೆ, ಸಾಬೂನು, ನೀರು ಇವುಗಳನ್ನು ಒದಗಿಸುವ ಹೊಣೆಯು ಮಾಲೀಕನದೇ. ಪೀಪಾಯಿಯನ್ನೂ ಪಂಪನ್ನೂ ಕೆರೆ, ಬಾವಿ, ನಾಲೆಗಳಲ್ಲಿ ತೊಳೆಯಕೂಡದು. ಹೂವು ಬಿಟ್ಟ ಬೆಳೆಗೆ ಜೇನು ಹಾರುವ ಹೊತ್ತಿನಲ್ಲಿ ಹೊಡೆಯಕೂಡದು.

ಐದನೆಯದಾಗಿ, ಗ್ರಾಮಸಭೆಗಳು ತಮ್ಮ ಕುಡಿಯುವ ನೀರನ್ನು ಪರೀಕ್ಷಿಸುವಾಗ ಕೀಟನಾಶಕಗಳನ್ನು ಒಂದೊಂದಾಗಿ ಮಾತ್ರವಲ್ಲದೆ ಮೊತ್ತವಾಗಿಯೂ ಎಣಿಸಬೇಕೆಂದು ಸರ್ಕಾರವನ್ನು ಕೇಳಿಕೊಳ್ಳತಕ್ಕದ್ದು. ಇಲಾಖೆಯೂ ತಾನು ಶಿಫಾರಸು ಮಾಡುವ ಹಂಗಾಮಿನ ಪೂರ್ಣ ಕ್ರಮಕ್ಕೆ, ಒಂದು ಔಷಧಕ್ಕಲ್ಲ, ಅಪಾಯ ಸೂಚ್ಯಂಕವನ್ನು ಕಟ್ಟಿ ಪ್ರಕಟಿಸುವುದು ನ್ಯಾಯ.

ವಿಷವನ್ನು ಔಷಧವೆಂದು ಕರೆಯುವುದು ನಾಡಿನ ರೂಢಿ. ಔಷಧವಾದರೂ ಎರಡು ಮದ್ದುಗಳನ್ನು ವೈದ್ಯನನ್ನು ಕೇಳದೆ ಒಂದೇ ಲೋಟದಲ್ಲಿ ಕಲಸಿ ಮಗುವಿಗೆ ಕುಡಿಸುವ ತಂದೆಯು ಯಾವ ಊರಿನಲ್ಲಿಯೂ ಇಲ್ಲ. ಅದೇ ವಿವೇಕವು ಹೊಲದ ಪೀಪಾಯಿಗೂ ಸಲ್ಲತಕ್ಕದ್ದು. ಭೂಮಿಯ ಒಡೆತನವು ಆ ಭೂಮಿಯಲ್ಲಿ ದುಡಿಯುವವರ ಆರೋಗ್ಯದ ಹೊಣೆಯನ್ನೂ ಒಳಗೊಂಡಿರುವುದು. ಆ ಹೊಣೆಯನ್ನು ಹೊರುವುದಕ್ಕೆ ಬೇಕಾದುದು ಮುಖ್ಯವಾಗಿ ಒಂದು ಪುಸ್ತಕ, ಒಂದು ಪೆನ್ಸಿಲು, ಮತ್ತು ಬೇರೆಬೇರೆಯಾದುದನ್ನು ಕೂಡಿ ನೋಡುವ ಅಭ್ಯಾಸ.